ದೂರದ ರೇಡಿಯೊ ಗೆಲಾಕ್ಸಿ ಹುಡುಕುವುದು ಹೇಗೆ?

ಮನೆಯ ಕಂಪ್ಯೂಟರಿನ ಮುಂದೆ ಕೂತೇ ದೂರದ ರೇಡಿಯೊ ಗೆಲಾಕ್ಸಿಗಳನ್ನು ಹುಡುಕಬಹುದು. ಆದರೆ ಹುರುಪಿನಿಂದ ಶುರು ಮಾಡಿದವರು ಲೆಕ್ಕದಲ್ಲಿ ಎಡವಿ, ಹತ್ತಿರದ್ದನ್ನೇ ದೂರದ್ದು ಎಂದುಕೊಳ್ಳುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅದಕ್ಕೇ ಈ ಬರಹ.

ಇಂಥ ಪ್ರತಿ ಗೆಲಾಕ್ಸಿಯ ನಟ್ಟನಡುವೆ ದೈತ್ಯ ಕಪ್ಪುಕುಳಿ ಇರುತ್ತದೆ. ಅದು ಎರಡೂ ಬದಿಗೆ ಚಿಮ್ಮಿಸುವ ಎಲೆಕ್ಟ್ರಾನುಗಳು ರೇಡಿಯೊ ಅಲೆಗಳಲ್ಲಿ ಎರಡು ಹಾಲೆಗಳಾಗಿ (ಮೋಡದಂತೆ ಉಬ್ಬಿದ ಭಾಗಗಳಾಗಿ) ಹೊಳೆಯುತ್ತವೆ.

1. ಆಕಾಶದ ಚಿತ್ರ, ಪಟ್ಟಿಗಳನ್ನು ತೋರಿಸುವ ಅಲಾಡಿನ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ.

2. ಅದರಲ್ಲಿ ಎರಡು ರೇಡಿಯೊ ಆಕಾಶ ಸಮೀಕ್ಷೆಗಳ ಪಟ್ಟಿ ತೆರೆಯಿರಿ. ಪುಣೆ ಜಿಲ್ಲೆಯ ಖೋದಡ್‌ನ ರೇಡಿಯೊ ದೂರದರ್ಶಕ ಜಿಎಂಆರ್‌ಟಿ (45 ಮೀಟರ್ ಅಗಲದ 30 ತಟ್ಟೆಗಳು) 150 ಮೆಗಾಹರ್ಟ್ಸ್‌ನಲ್ಲಿ ಮಾಡಿದ ಟಿಜಿಎಸ್‌ಎಸ್ ಒಂದು. ಅಮೆರಿಕದ ರೇಡಿಯೊ ದೂರದರ್ಶಕ ವಿಎಲ್‌ಎ 1400 ಮೆಗಾಹರ್ಟ್ಸ್‌ನಲ್ಲಿ ಮಾಡಿದ ಎನ್‌ವಿಎಸ್‌ಎಸ್ ಇನ್ನೊಂದು.

3. ಇಳಿಜಾರು ಲೆಕ್ಕ ಹಾಕಿ, ಅಂದರೆ ಆವರ್ತನ ಏರಿದಂತೆ ಹೊಳಪು ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು. ಕಡಿದಾದ ಇಳಿಜಾರು ದೂರದ ಗೆಲಾಕ್ಸಿಯ ಸುಳಿವು, ಕಾರಣ ಮುಂದೆ ಹೇಳುತ್ತೇನೆ. ಕೈ ಕೊಡುವುದು ಇಲ್ಲೇ, ನಿಧಾನವಾಗಿ ಮಾಡಿ.

150ರಲ್ಲಿ ಹೊಳಪು 200 ಮಿಲಿಜಾನ್ಸ್ಕಿ (ರೇಡಿಯೊ ಹೊಳಪಿನ ಅಳತೆ), 1400ರಲ್ಲಿ 10 ಅಂತಿಟ್ಟುಕೊಳ್ಳಿ. ಅನುಪಾತ 20, ಅದರ ಲಾಗ್ (ಕ್ಯಾಲ್ಕುಲೇಟರಿನ log ಗುಂಡಿ) 1.30. ಆವರ್ತನಗಳ ಅನುಪಾತ 9.33, ಅದರ ಲಾಗ್ 0.97. ಭಾಗಿಸಿದರೆ 1.34. ಹೊಳಪು ಇಳಿಯುತ್ತಿದೆ, ಹಾಗಾಗಿ ಮುಂದೆ ಮೈನಸ್ ಹಾಕಿ. ಸಾಮಾನ್ಯ ರೇಡಿಯೊ ಗೆಲಾಕ್ಸಿಗಳಲ್ಲಿ ಇದು −0.7, −0.8ರ ಆಸುಪಾಸು. −1.3ಕ್ಕಿಂತ ಕಡಿದಾಗಿದ್ದರೆ (ಇಲ್ಲಿನ −1.34ರಂತೆ) ಮಾತ್ರ ನಿಮ್ಮ ಪಟ್ಟಿಗೆ ಸೇರಿಸಿ.

ಈಗ ತಪ್ಪುಗಳ ವಿಷಯ. ಟಿಜಿಎಸ್‌ಎಸ್‌ನ ನೋಟ 25 ಆರ್ಕ್‌ಸೆಕೆಂಡ್‌ನಷ್ಟು ಚೂಪು (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು), ಎನ್‌ವಿಎಸ್‌ಎಸ್‌ನದು 45. ಹಾಲೆಗಳ ನಡುವೆ 35 ಆರ್ಕ್‌ಸೆಕೆಂಡ್ ಅಂತರವಿದ್ದರೆ ಮೊದಲನೆಯದರಲ್ಲಿ ಎರಡು ಚುಕ್ಕೆ, ಎರಡನೆಯದರಲ್ಲಿ ಒಂದೇ. ಒಂದು ಹಾಲೆಯ ಹೊಳಪನ್ನು ಮಾತ್ರ ತೆಗೆದುಕೊಂಡರೆ ಇಳಿಜಾರು ಸಪಾಟಾಗಿ, ಒಳ್ಳೆಯ ಗೆಲಾಕ್ಸಿ ಕೈತಪ್ಪುತ್ತದೆ. ಎರಡನ್ನೂ ಕೂಡಿಸಿ. ಶಿಖರದ ಹೊಳಪಲ್ಲ, ಒಟ್ಟು ಹೊಳಪನ್ನೇ ಬಳಸಿ.

ಫಸ್ಟ್ ಎಂಬ ಸಮೀಕ್ಷೆಯ ಚಿತ್ರ 5 ಆರ್ಕ್‌ಸೆಕೆಂಡ್‌ನಷ್ಟು ಚೂಪಾಗಿದೆ, ಎಲ್ಲರಿಗೂ ಅದೇ ಇಷ್ಟ. ಆದರೆ ಹರಡಿದ ಮಂದ ಹೊಳಪು ಅದರಲ್ಲಿ ಕಳೆದುಹೋಗುತ್ತದೆ. ಆಗ ಇಲ್ಲದ ಇಳಿಜಾರು ಹುಟ್ಟಿಕೊಳ್ಳುತ್ತದೆ. ಫಸ್ಟ್ ಚಿತ್ರವನ್ನು ಜಾಗ ಗುರುತಿಸಲು ಮಾತ್ರ ಬಳಸಿ. ಸ್ಕ್ರೀನ್‌ಶಾಟ್‌ನ ಬಣ್ಣ ನೋಡಿ ಹೊಳಪು ಅಂದಾಜು ಮಾಡುವ ಅಡ್ಡದಾರಿಯಂತೂ ಬೇಡವೇ ಬೇಡ.

ಇಳಿಜಾರಿಗೂ ದೂರಕ್ಕೂ ಏನು ನಂಟು? ದೂರದ್ದನ್ನು ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಆ ಕಾಲದ ವಿಶ್ವದಲ್ಲಿ, ಎಲ್ಲೆಡೆ ತುಂಬಿರುವ ಹಿನ್ನೆಲೆಯ ಮೈಕ್ರೋವೇವ್ ಬೆಳಕು ದಟ್ಟವಾಗಿತ್ತು. ಕೆಂಪು ಪಲ್ಲಟ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆ, ಹೆಚ್ಚಿದಷ್ಟೂ ದೂರ) 5.19 ಆದರೆ ಅದರ ಶಕ್ತಿಯ ದಟ್ಟಣೆ ಇಂದಿನ ಸುಮಾರು 1,470 ಪಟ್ಟು. ಅದಕ್ಕೆ ತಾಗಿ ಚುರುಕಾದ ಎಲೆಕ್ಟ್ರಾನುಗಳು ಬೇಗ ಸೊರಗುತ್ತವೆ, ಮೇಲಿನ ಆವರ್ತನದ ಹೊಳಪು ಕುಸಿಯುತ್ತದೆ. ಇದು ಒಂದು ಕಾರಣ, ಪೂರ್ತಿ ಕಥೆಯಲ್ಲ.

4. ಆಕಾಶದಲ್ಲಿ ಆಕಾಶಗಂಗೆಯ ಪಟ್ಟೆ ಹಾಯುವ ಜಾಗವನ್ನು ಬಿಟ್ಟುಬಿಡಿ. ಅಲ್ಲಿರುವ ಪಲ್ಸಾರ್‌ಗಳ (ಗಿರಗಿರ ತಿರುಗುವ ಸತ್ತ ನಕ್ಷತ್ರಗಳ) ಇಳಿಜಾರೂ ಕಡಿದೇ. 4ಸಿ 21.53 ಎಂಬ ಇಂಥದ್ದೇ ಮೂಲದಲ್ಲಿ 1982ರಲ್ಲಿ ಸಿಕ್ಕಿದ್ದು ಮೊದಲ ಮಿಲಿಸೆಕೆಂಡ್ (ಕೆಲವೇ ಮಿಲಿಸೆಕೆಂಡಿಗೆ ಒಂದು ಸುತ್ತು ಹಾಕುವ) ಪಲ್ಸಾರ್!

5. ಅದೇ ಜಾಗದ ಸಾಮಾನ್ಯ ಬೆಳಕಿನ ಚಿತ್ರ ನೋಡಿ. ಏನೂ ಕಾಣದಿದ್ದರೆ ಬೇಸರ ಬೇಡ, ಅದೇ ಒಳ್ಳೆಯ ಸುಳಿವು. ಇವು ಭಾರೀ ಗೆಲಾಕ್ಸಿಗಳೇ, ದೂರದಿಂದ ಮಸುಕಾಗಿವೆ ಅಷ್ಟೆ. ಬೆಳೆಯುವ ಬಗೆ ನೋಡಬೇಕೆಂದರೆ ಸ್ಪೈಡರ್‌ವೆಬ್ ಗೆಲಾಕ್ಸಿಯ ಹಬಲ್ ಚಿತ್ರ ತೆರೆಯಿರಿ. ಜೇಡರ ಬಲೆಗೆ ಬಿದ್ದ ಹುಳುಗಳಂತೆ ಪುಟ್ಟ ಗೆಲಾಕ್ಸಿಗಳು ನಡುವಿನ ದೊಡ್ಡದರ ಕಡೆಗೆ ಸೇರುತ್ತಿವೆ. ಮುಂದೆ ಅದು ಗೆಲಾಕ್ಸಿ ಗುಚ್ಛವೊಂದರ ನಡುಮನೆಯ ಯಜಮಾನ.

6. ದೂರ ಖಚಿತವಾಗುವುದು ರೋಹಿತದಿಂದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವುದರಿಂದ) ಮಾತ್ರ. ಟಿಎನ್ ಜೆ0924−2201 ಎಂಬ ದೂರದ ರೇಡಿಯೊ ಗೆಲಾಕ್ಸಿಗೆ 1999ರಲ್ಲಿ ಆಗಿದ್ದೂ ಹೀಗೇ. ಹೈಡ್ರೋಜನ್‌ನ 121.6 ನ್ಯಾನೊಮೀಟರ್ ಗೆರೆ ಅದರಲ್ಲಿ ಸುಮಾರು 753ಕ್ಕೆ ಸರಿದಿತ್ತು, ಅಂದರೆ ಪಲ್ಲಟ 5.19. ರೋಹಿತ ತೆಗೆಯಲು ದೊಡ್ಡ ದೂರದರ್ಶಕವೇ ಬೇಕು, ಅದು ಖಗೋಳಜ್ಞರ ಕೆಲಸ. ಖಗೋಳಜ್ಞರಿಗೆ ಬರೆಯುವಾಗ ಜಾಗ, ಎರಡೂ ಹೊಳಪು, ಹಾಲೆಗಳನ್ನು ಹೇಗೆ ಕೂಡಿಸಿದಿರಿ ಎಂಬುದು, ಇಷ್ಟನ್ನೂ ತಪ್ಪದೆ ಕಳಿಸಿ.