ಬೀಡಿನ ಕಾವಲಿಯಲ್ಲಿ ನೀರು ದೋಸೆ: ನನ್ನ ಅನುಭವ

ನೀರು ದೋಸೆಗೆ ನಾನ್‌ಸ್ಟಿಕ್ಕೇ ಬೇಕು ಎಂದು ಉಡುಪಿಯವರೇ ಹೇಳತೊಡಗಿದ್ದಾರೆ. ಅದು ಬರುವ ಮೊದಲು ಇಲ್ಲಿ ಯಾರೂ ನೀರು ದೋಸೆ ತಿನ್ನುತ್ತಿರಲಿಲ್ಲವೇ? ಹಾಗೆಂದುಕೊಳ್ಳುತ್ತಲೇ ನಾನೂ ವರ್ಷಕ್ಕೊಂದರಂತೆ ಏಳೆಂಟು ನೂರು ರೂಪಾಯಿಯ ಕಾವಲಿ ತಂದು, ಲೇಪ ಎದ್ದ ಕೂಡಲೇ ಎಸೆಯುತ್ತಿದ್ದೆ.

ಹೋದ ಮಳೆಗಾಲಕ್ಕೆ ಮುಂಚೆ ಗುಜರಿ ಅಂಗಡಿಯಲ್ಲಿ ಹಳೆಯ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿಯೊಂದು ತೂಕದ ಲೆಕ್ಕದಲ್ಲಿ ಸಿಕ್ಕಿತು. ಮೂರು ಕಿಲೋ ಹತ್ತಿರ, ಇನ್ನೂರ ಚಿಲ್ಲರೆ ಕೊಟ್ಟ ನೆನಪು. ತುಕ್ಕು ನೋಡಿ ಅತ್ತೆ, "ಇದರಲ್ಲಿ ಉದ್ದಿನ ದೋಸೆ ಎದ್ದರೇ ಪುಣ್ಯ, ನೀರು ದೋಸೆಯ ಆಸೆ ಬಿಡು ಮಾರಾಯ್ತಿ" ಎಂದರು. ನಾದಿನಿ ಬಾಯಿಬಿಟ್ಟು ಹೇಳಲಿಲ್ಲ, ತನ್ನ ಮನೆಯ ನಾನ್‌ಸ್ಟಿಕ್ ಕಾವಲಿ ಕಳುಹಿಸಿಕೊಟ್ಟಳು.

ತುಕ್ಕಿಗೆ ಹುಣಿಸೆ ಹುಳಿ, ತೆಂಗಿನ ನಾರು ಸಾಕಾಯಿತು. ಸತಾಯಿಸಿದ್ದು ಪಳಗಿಸುವ ಕೆಲಸ, ಅಂದರೆ ಎಣ್ಣೆ ಸವರಿ ಕಾಯಿಸಿ ಹಿಟ್ಟು ಅಂಟದ ಹಾಗೆ ಮಾಡುವುದು. ತೆಂಗಿನೆಣ್ಣೆ ಧಾರಾಳವಾಗಿ ಸುರಿದು ಕಾಯಿಸಿದರೆ ಮರುದಿನ ಅಂಟಂಟು ಜಿಡ್ಡು. ಅದರ ಮೇಲೆ ಎರೆದ ದೋಸೆಯನ್ನು ಸಟ್ಟುಗದಿಂದ ಕೆರೆದು, ಒಗ್ಗರಣೆ ಹಾಕಿ ಉಪ್ಪಿಟ್ಟಿನ ಹಾಗೆ ತಿಂದೆವು. ಅದೂ ಒಂದೆರಡು ಸಲವಲ್ಲ. ನಾಲ್ಕೈದು ಸೇರು ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯಾದರೂ ಹೀಗೆ ಹೋಗಿರಬೇಕು. ಗ್ಯಾಸಿನ ಲೆಕ್ಕ ಬೇರೆ.

ಕೊನೆಗೆ ಕೈಹಿಡಿದದ್ದು ಕುಚ್ಚಲಕ್ಕಿಯ ಗಂಜಿ ತಿಳಿ. ಬಿಸಿಯಾಗಿಯೇ ಕಾವಲಿಗೆ ಸುರಿದು ರಾತ್ರಿಯಿಡೀ ಬಿಡುತ್ತಿದ್ದೆ. ಬೆಳಿಗ್ಗೆ ತೊಳೆದು ಒರೆಸಿ, ಎಣ್ಣೆ ಇದೆಯೋ ಇಲ್ಲವೋ ಎನ್ನುವಷ್ಟು ಸವರಿ, ಹೊಗೆಯಾಡುವವರೆಗೆ ಕಾಯಿಸುವುದು. ವಾರ ಹತ್ತು ದಿನ ಹೀಗೆ ನಡೆಯಿತು. ಆಮೇಲೆ ತಿಂಗಳ ಮಟ್ಟಿಗೆ ಉದ್ದಿನ ದೋಸೆ ಮಾತ್ರ. ಆ ಕಾವಲಿಯಲ್ಲಿ ಚಪಾತಿ ಸುಡಲು ಹೊರಟ ಗಂಡನ ಜೊತೆ ಜಗಳವೂ ಆಯಿತು.

ಹಿಟ್ಟಿನ ಹದ ನಿಮಗೆ ಗೊತ್ತೇ ಇದೆ. ನಾನು ನಾನ್‌ಸ್ಟಿಕ್ಕಿಗಿಂತ ತುಸು ಹೆಚ್ಚೇ ನೀರು ಮಾಡುತ್ತೇನೆ. ಅಕ್ಕಿ ತಳಕ್ಕಿಳಿಯುವುದರಿಂದ ಪ್ರತಿ ಸಲ ಅಡಿಯಿಂದ ಕದಡಬೇಕು. ಮುಖ್ಯವಾದದ್ದು ಕಾವು. ಹಿಟ್ಟು ಬಿದ್ದೊಡನೆ ಚುಂಯ್ ಎನ್ನಬೇಕು, ಮೈತುಂಬ ತೂತು ಬೀಳಬೇಕು. ಆಮೇಲೆ ಮುಚ್ಚಿ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಅಂಚು ತಾನಾಗಿ ಕಾಗದದಂತೆ ಮೇಲೇಳುತ್ತದೆ. ಅದಕ್ಕೂ ಮೊದಲು ಸಟ್ಟುಗ ಹಾಕಿದಿರೋ, ಹರಿಯಿತು. ಒಂದು ದೋಸೆ ತೆಗೆದ ಕೂಡಲೇ ಇನ್ನೊಂದು ಎರೆಯಬೇಡಿ. ಅಷ್ಟು ನೀರು ಬಿದ್ದ ಬೀಡು ತಣ್ಣಗಾಗಿರುತ್ತದೆ, ಮತ್ತೆ ಕಾವೇರಲಿ. ಸವರಲು ಅರ್ಧ ಈರುಳ್ಳಿ ಅಥವಾ ಬದನೆಕಾಯಿ ತೊಟ್ಟು ಎಲ್ಲರೂ ಬಳಸುತ್ತಾರೆ. ನಾನು ಬಟ್ಟೆಯಲ್ಲಿ ಕಟ್ಟಿ ಸವರುವುದು ಬೇರೆಯೇ ಒಂದು. ನಾದಿನಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆಯೇ!

ಈಗ ಬೆಳಿಗ್ಗೆ ಇಪ್ಪತ್ತರ ಮೇಲೆ ದೋಸೆ ಏಳುತ್ತವೆ, ಹರಿಯುವುದು ಮೊದಲಿನದು ಮಾತ್ರ. ಬೆಲ್ಲ-ಕಾಯಿ ಜೊತೆ ಆರು ತಿಂದ ಅತ್ತೆ, "ಅಕ್ಕಿ ಒಳ್ಳೆಯದಿತ್ತು" ಎಂದರು. ಇರಲಿ.

ನಡುವೆ ಇನ್ನೂ ಏನೇನೋ ಮಾಡಿದೆ. ಹಿಟ್ಟಿಗೆ ತೆಂಗಿನ ತುರಿ ಸೇರಿಸಿದರೆ ರುಚಿ ಹೌದು, ಆದರೆ ಬೇಗ ಕೆಂಪಗಾಗಿ ತಳ ಹಿಡಿಯುತ್ತದೆ. ಒಂದು ಮುಷ್ಟಿ ಅನ್ನ ರುಬ್ಬಿ ಹಾಕಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ, ಡಬ್ಬಿಗೆ ಒಳ್ಳೆಯದು. ಕುಚ್ಚಲಕ್ಕಿಯನ್ನೇ ರುಬ್ಬಿ ಎರೆದದ್ದು ಅಂಟಾಯಿತು, ಅದನ್ನು ದನಕ್ಕೆ ಹಾಕಿದೆ. ಸದ್ಯ ಅಕ್ಕಿಗೆ ಅರ್ಧದಷ್ಟು ರಾಗಿ ಬೆರೆಸಿ ನೋಡುತ್ತಿದ್ದೇನೆ. ಅಂಚು ಬಿಡುತ್ತದೆ, ನಡುವೆ ಇನ್ನೂ ಹಿಡಿಯುತ್ತಿದೆ.