ವಿಕಿಪೀಡಿಯ ಸಂಪಾದನೆಯನ್ನು ಹೊಸಬರಿಗೆ ನಾನು ಕಲಿಸುವ ಬಗೆ

ವಿಕಿಪೀಡಿಯದಲ್ಲಿ ಬರೆಯುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದು ಹೊಸ ಲೇಖನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಆ ಉತ್ಸಾಹ ನನಗೆ ಇಷ್ಟ. ಆದರೂ ಮೊದಲ ದಿನವೇ ಹೊಸ ಲೇಖನಕ್ಕೆ ಅವರಿಂದ ಕೈಹಾಕಿಸುವುದಿಲ್ಲ. ಅವರಿಗೆ ಚೆನ್ನಾಗಿ ತಿಳಿದಿರುವ ವಿಷಯದ ಬಗ್ಗೆ ಈಗಾಗಲೇ ಇರುವ ಲೇಖನವೊಂದನ್ನು ತೆರೆಸಿ, ಅದರಲ್ಲಿ ಉಲ್ಲೇಖವಿಲ್ಲದ ಒಂದು ವಾಕ್ಯವನ್ನು ಹುಡುಕಲು ಹೇಳುತ್ತೇನೆ. ಆ ವಾಕ್ಯಕ್ಕೆ ನಂಬಲರ್ಹವಾದ ಆಧಾರವೊಂದನ್ನು ಸೇರಿಸುವುದೇ ಅವರ ಮೊದಲ ಸಂಪಾದನೆ.

ಖಾತೆ ತೆರೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆರಿಸಿಕೊಂಡ ಹೆಸರು ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯ ಜೊತೆಗೂ ಎಲ್ಲರಿಗೂ ಕಾಣುವುದರಿಂದ, ನಿಜ ಹೆಸರು ಬೇಕೇ ಬೇಡವೇ ಎಂಬುದನ್ನು ಯೋಚಿಸಲು ಮಾತ್ರ ಸೂಚಿಸುತ್ತೇನೆ. ಕೀಲಿಮಣೆ ಮೊದಲಿನಿಂದ ಕೊನೆಯವರೆಗೂ ಅವರ ಕೈಯಲ್ಲೇ ಇರಬೇಕು. ನಾನು ಪಕ್ಕದಲ್ಲಿ ಕುಳಿತು ಬಾಯಿಮಾತಿನಲ್ಲಿ ದಾರಿ ಹೇಳುತ್ತೇನೆ. ಪುಟವನ್ನು ಕಾಣುವ ರೂಪದಲ್ಲೇ ತಿದ್ದಲು ಬಿಡುವ ದೃಶ್ಯ ಸಂಪಾದಕದಲ್ಲಿ ಉಲ್ಲೇಖದ ಗುಂಡಿಯನ್ನು ಒತ್ತಿ ಜಾಲತಾಣದ ಕೊಂಡಿಯನ್ನೋ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನೋ ಕೊಟ್ಟರೆ, ಲೇಖಕರ ಹೆಸರು, ಶೀರ್ಷಿಕೆ, ದಿನಾಂಕಗಳು ಬಹುಮಟ್ಟಿಗೆ ತಾವಾಗಿಯೇ ತುಂಬಿಕೊಳ್ಳುತ್ತವೆ. ಹಾಗೆ ತುಂಬಿಕೊಂಡದ್ದರಲ್ಲಿ ತಪ್ಪಿರುವುದೂ ಉಂಟು, ಆದ್ದರಿಂದ ಪ್ರಕಟಿಸುವ ಮುನ್ನ ಒಂದೊಂದನ್ನೂ ಮೂಲದೊಡನೆ ಹೋಲಿಸಿ ನೋಡಿಸುತ್ತೇನೆ. ಏನು ಬದಲಿಸಿದೆ, ಏಕೆ ಬದಲಿಸಿದೆ ಎಂಬುದನ್ನು ಸಾರಾಂಶದ ಜಾಗದಲ್ಲಿ ಒಂದು ಸಾಲಿನಲ್ಲಿ ಬರೆಯುವ ಅಭ್ಯಾಸವೂ ಅಂದೇ ಆಗಬೇಕು.

ಪ್ರಕಟಿಸುವ ಗುಂಡಿಯ ಮುಂದೆ ಹೊಸಬರು ಹಿಂಜರಿಯುತ್ತಾರೆ, ಏನಾದರೂ ಕೆಟ್ಟುಹೋದೀತು ಎಂಬ ಭಯ ಅವರದು. ಇದನ್ನು ಮಾತಿನಿಂದ ಹೋಗಲಾಡಿಸುವುದು ಕಷ್ಟ. ಆದ್ದರಿಂದ ಅದೇ ಲೇಖನದ ಇತಿಹಾಸದ ಪುಟವನ್ನು ತೆರೆಸಿ, ಹಿಂದಿನ ಆವೃತ್ತಿಗಳೆಲ್ಲ ದಿನಾಂಕ ಸಮೇತ ಉಳಿದಿರುವುದನ್ನು ತೋರಿಸಿ, ಅವುಗಳಲ್ಲಿ ಎರಡನ್ನು ಆಯ್ದು ಹೋಲಿಸಲು ಹೇಳುತ್ತೇನೆ. ಎಡಗಡೆ ಹಳೆಯದು, ಬಲಗಡೆ ಹೊಸದು, ನಡುವಿನ ವ್ಯತ್ಯಾಸಕ್ಕೆ ಬಣ್ಣ. ಯಾವ ಬದಲಾವಣೆಯನ್ನೂ ಹಿಂದಕ್ಕೆ ತರಬಹುದು ಎಂಬುದು ಕಣ್ಣಿಗೆ ಕಂಡ ಮೇಲೆ ಕೈ ಸಡಿಲವಾಗುತ್ತದೆ. ಬರೆದು ಅಭ್ಯಾಸ ಮಾಡಲೆಂದು ಇರುವ ಪ್ರಯೋಗಪುಟಕ್ಕಿಂತ ಇತಿಹಾಸದ ಪುಟವೇ ಒಳ್ಳೆಯ ಗುರು ಎಂದು ನಾನು ನಂಬಿದ್ದೇನೆ.

ಹೆಚ್ಚು ತಾಳ್ಮೆ ಬೇಕಾಗುವುದು ಧಾಟಿಯನ್ನು ಕಲಿಸುವಾಗ. ತಟಸ್ಥ ದೃಷ್ಟಿಕೋನ, ಪರಿಶೀಲನಾರ್ಹತೆ, ಸ್ವಂತ ಸಂಶೋಧನೆ ಸಲ್ಲದು ಎಂಬ ಮೂರು ಮೂಲನೀತಿಗಳನ್ನು ಓದಿ ಹೇಳಿದರೆ ತಲೆಯಾಡಿಸುತ್ತಾರೆ, ಬರೆಯಲು ಕುಳಿತಾಗ ಮರೆಯುತ್ತಾರೆ. ಹಾಗಾಗಿ ಅವರದೇ ವಾಕ್ಯವನ್ನು ಹಿಡಿದು ಕೆಲಸ ಮಾಡುತ್ತೇನೆ. ಮೇರಿ ಕ್ಯೂರಿಯವರನ್ನು ‘ಜಗತ್ತು ಕಂಡ ಅಪ್ರತಿಮ ವಿಜ್ಞಾನಿ’ ಎಂದು ಒಬ್ಬರು ಬರೆದಾಗ, ಹಾಗೆನ್ನಲು ಕಾರಣವೇನು ಎಂದು ಕೇಳಿದೆ. ಅವರೇ ಹುಡುಕಿ ಬರೆದ ಉತ್ತರ, 1903ರಲ್ಲಿ ಭೌತಶಾಸ್ತ್ರಕ್ಕೂ 1911ರಲ್ಲಿ ರಸಾಯನಶಾಸ್ತ್ರಕ್ಕೂ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತ್ತು ಎಂಬುದು. ವಿಶೇಷಣವನ್ನು ತೆಗೆಯಿರಿ ಎಂದು ನಾನು ಹೇಳಬೇಕಾಗಲಿಲ್ಲ, ಆ ವಾಕ್ಯ ಬಂದ ಕೂಡಲೇ ಅವರೇ ಅದನ್ನು ಅಳಿಸಿದರು.

ನಕಲು ಮಾಡುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಇಲ್ಲಿ ಪ್ರಕಟಿಸಿದ ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಯಾರು ಬೇಕಾದರೂ ಮೂಲವನ್ನು ಸೂಚಿಸಿ ಬಳಸಬಹುದು. ಇತರರ ಹಕ್ಕಿನಲ್ಲಿರುವ ಪಠ್ಯಕ್ಕಾಗಲಿ ಚಿತ್ರಕ್ಕಾಗಲಿ ಆ ಅನುಮತಿಯನ್ನು ಕೊಡಲು ನಮಗೆ ಅಧಿಕಾರವಿಲ್ಲ.

ಮೊದಲ ಬದಲಾವಣೆಯನ್ನು ಬೇರೊಬ್ಬರು ವಜಾ ಮಾಡಿದಾಗ ಬಹಳ ಜನ ಬರೆಯುವುದನ್ನೇ ನಿಲ್ಲಿಸಿಬಿಡುತ್ತಾರೆ, ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಇಂಥದ್ದು ನಡೆಯುತ್ತದೆ ಎಂದು ಮೊದಲೇ ತಿಳಿಸಿರುತ್ತೇನೆ. ನಡೆದಾಗ ವಜಾ ಮಾಡಿದವರ ಸಾರಾಂಶವನ್ನು ಒಟ್ಟಿಗೆ ಕುಳಿತು ಓದಿ, ಲೇಖನದ ಚರ್ಚೆಪುಟದಲ್ಲಿ ಹೊಸಬರಿಂದಲೇ ಸೌಜನ್ಯದ ಪ್ರಶ್ನೆಯೊಂದನ್ನು ಬರೆಸುತ್ತೇನೆ. ಅವರ ಪರವಾಗಿ ನಾನು ವಾದಕ್ಕಿಳಿಯುವುದಿಲ್ಲ, ಏಕೆಂದರೆ ಸಮುದಾಯದೊಡನೆ ಮಾತಾಡುವುದೂ ಸಂಪಾದನೆಯ ಭಾಗವೇ ಆಗಿದೆ. ಮುಂದಿನ ಸಂದೇಹಗಳನ್ನೂ ನನ್ನ ಫೋನಿಗೆ ಕಳುಹಿಸುವ ಬದಲು ಚರ್ಚೆಪುಟದಲ್ಲೋ, ಕನ್ನಡ ವಿಕಿಪೀಡಿಯದ ಸಂಪಾದಕರೆಲ್ಲ ಸೇರಿ ಮಾತಾಡುವ ‘ಅರಳಿ ಕಟ್ಟೆ’ ಪುಟದಲ್ಲೋ ಕೇಳಲು ಹೇಳುತ್ತೇನೆ. ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಉತ್ತರಿಸುತ್ತಾರೆ, ಆ ಉತ್ತರ ಮುಂದೆ ಬರುವವರಿಗೂ ಸಿಗುತ್ತದೆ. ಇಷ್ಟು ರೂಢಿಯಾದ ಮೇಲೆ, ಅವರು ಮನಸ್ಸಿನಲ್ಲಿಟ್ಟುಕೊಂಡು ಬಂದ ವಿಷಯದ ಬಗ್ಗೆ ಸ್ವತಂತ್ರವಾದ ಆಧಾರಗಳು ಎಷ್ಟಿವೆ ಎಂದು ಇಬ್ಬರೂ ಹುಡುಕುತ್ತೇವೆ. ಸಾಕಷ್ಟು ಸಿಕ್ಕರೆ ಅಂದೇ ಅವರ ಪ್ರಯೋಗಪುಟದಲ್ಲಿ ಕರಡು ಶುರುವಾಗುತ್ತದೆ.