ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಮನೆಯಲ್ಲಿ ನೋವನ್ನು ಹತೋಟಿಯಲ್ಲಿಡುವ ಬಗೆ

ಮೇದೋಜೀರಕ ಗ್ರಂಥಿಯು ಜಠರದ ಹಿಂದೆ, ಬೆನ್ನುಮೂಳೆಗೆ ಸಮೀಪದಲ್ಲಿದ್ದು, ಅದರ ಹಿಂಬದಿಯಲ್ಲೇ ನರಗಳ ದೊಡ್ಡ ಜಾಲವೊಂದಿದೆ. ಗಡ್ಡೆಯು ಆ ನರಗಳನ್ನು ಒತ್ತಿದಾಗ ಮೇಲ್ಹೊಟ್ಟೆಯಲ್ಲಿ ಹುಟ್ಟಿದ ನೋವು ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ಇಳಿಯುತ್ತದೆ. ಶ್ರೀನಿವಾಸಪುರದ ಬಳಿಯ ನಮ್ಮ ಊರಿನಲ್ಲಿ ದೊಡ್ಡಪ್ಪನವರು ಎರಡು ದಿಂಬುಗಳನ್ನು ತೊಡೆಯ ಮೇಲಿಟ್ಟು, ತಬ್ಬಿಕೊಂಡು ಕುಳಿತೇ ರಾತ್ರಿಗಳನ್ನು ಕಳೆಯುತ್ತಿದ್ದಾಗ ನಾವು ಅದನ್ನು ಗ್ಯಾಸ್ ಎಂದೇ ತಿಳಿದಿದ್ದೆವು.

ಮೊದಲು ನೋವನ್ನು ಅಳೆಯಿರಿ. ಸೊನ್ನೆಯಿಂದ ಹತ್ತರವರೆಗೆ ಎಣಿಸಿ ಹೇಳಿ ಎಂದರೆ ಹಿರಿಯರು ತಡವರಿಸುತ್ತಾರೆ. ‘ಹದಿನಾರಾಣೆಯಲ್ಲಿ ಈಗ ಎಷ್ಟಾಣೆ ನೋವಿದೆ?’ ಎಂದು ಕೇಳಿದರೆ ತಕ್ಷಣ ಉತ್ತರ ಬರುತ್ತದೆ. ನಾವು ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಹೊತ್ತು, ಕೊಟ್ಟ ಮಾತ್ರೆ, ಕೊಡುವ ಮುಂಚಿನ ಮತ್ತು ಒಂದು ಗಂಟೆಯ ನಂತರದ ನೋವು, ಮಲವಿಸರ್ಜನೆ, ಇಷ್ಟನ್ನು ಬರೆದಿಡುತ್ತಿದ್ದೆವು. ವೈದ್ಯರು ಔಷಧಿಯ ಪ್ರಮಾಣ ಬದಲಿಸಲು ನಮ್ಮ ಯಾವ ವಿವರಣೆಗಿಂತಲೂ ಆ ಹಾಳೆಯೇ ಹೆಚ್ಚು ನೆರವಾಯಿತು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನೋವು ಬರುವವರೆಗೆ ಕಾಯದೆ ಗಡಿಯಾರ ನೋಡಿ ಮಾತ್ರೆ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲೇ ಕ್ಯಾನ್ಸರ್ ನೋವಿಗೆ ಈ ಕ್ರಮವನ್ನು ಸೂಚಿಸಿದೆ. ತೀವ್ರ ನೋವಿಗೆ ವೈದ್ಯರು ಕೊಡುವ, ಅಫೀಮು ಮೂಲದ ಮಾರ್ಫಿನ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ ಇರುವುದರಿಂದ, ಒಂದು ಹೊತ್ತು ತಪ್ಪಿಸಿದರೂ ನೋವು ಮತ್ತೆ ಮೇಲೇರಿ, ಅದನ್ನು ಇಳಿಸುವುದು ಕಷ್ಟವಾಗುತ್ತದೆ. ನಡುವೆ ನೋವು ಹೆಚ್ಚಾದರೆ ಕೊಡಬೇಕಾದ ಹೆಚ್ಚುವರಿ ಮಾತ್ರೆ ಎಷ್ಟೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.

ಮಾರ್ಫಿನ್ ಎಂದರೆ ಚಟ ಹತ್ತುತ್ತದೆ, ಅಥವಾ ಅದು ಸಾಯುವವರಿಗೆ ಕೊಡುವ ಮದ್ದು ಎಂಬ ಭಯದಿಂದ ಎಷ್ಟೋ ಮನೆಗಳಲ್ಲಿ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗಾಗಿ ಸೇವಿಸುವವರಲ್ಲಿ ಚಟ ಬೆಳೆಯುವುದು ವಿರಳ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ತಾನಾಗಿ ಹೋಗದು. ಆದ್ದರಿಂದ ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗಿಸುವ ಮಾತ್ರೆಯನ್ನೂ ಕೇಳಿ ಪಡೆಯಿರಿ. ಮೆಡಿಕಲ್ ಶಾಪಿನಿಂದ ತಾವಾಗಿಯೇ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ಸೇರಿಸಬೇಡಿ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ, ಮೂತ್ರಪಿಂಡಕ್ಕೆ ಪೆಟ್ಟಾಗುವ ಅಪಾಯವಿದೆ.

ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ, ಆದರೆ ಎಲ್ಲ ಅಂಗಡಿಗಳಲ್ಲೂ ಅದು ಸಿಗುವುದಿಲ್ಲ. ಕೋಲಾರದ ಕಡೆಯವರು ಅದಕ್ಕಾಗಿ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತಬೇಕಾಗಬಹುದು; ಒಂದು ವಾರದ ಮಾತ್ರೆ ಉಳಿದಿರುವಾಗಲೇ ಚೀಟಿ, ವರದಿಗಳೊಂದಿಗೆ ಹೊರಡಿ. ಗುಣವಾಗುವ ಹಂತ ದಾಟಿದ ರೋಗಿಗಳಿಗೆ ಮಾರತಹಳ್ಳಿಯ ಕರುಣಾಶ್ರಯದಲ್ಲಿ ಉಚಿತ ಆರೈಕೆ ದೊರೆಯುತ್ತದೆ.

ಮಾತ್ರೆಯಿಂದ ಸಾಕಷ್ಟು ಗುಣ ಕಾಣದಿದ್ದರೆ, ಹೊಟ್ಟೆಯ ಹಿಂಬದಿಯ ಆ ನರಜಾಲಕ್ಕೆ ಆಲ್ಕೋಹಾಲ್ ಚುಚ್ಚಿ ನೋವಿನ ಸಂದೇಶವನ್ನು ತಡೆಯುವ ಚಿಕಿತ್ಸೆಯ ಬಗ್ಗೆ ವಿಚಾರಿಸಿ. ರೋಗಿಯು ತೀರಾ ಕೃಶವಾಗುವ ಮೊದಲೇ ಕೇಳುವುದು ಮೇಲು ಎಂಬುದು ನನ್ನ ಅನುಭವ.

ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿ ನುಲಿದರೆ, ಮಲ ಎಣ್ಣೆಯಂತೆ ಜಿಡ್ಡಾಗಿ ತೇಲಿದರೆ, ಜೀರ್ಣರಸದ ಕೊರತೆಯಿರಬಹುದು. ಅದಕ್ಕೆ ಊಟದ ಜೊತೆಯಲ್ಲೇ ನುಂಗುವ ಕ್ಯಾಪ್ಸೂಲ್‌ಗಳಿವೆ. ಒಮ್ಮೆಗೇ ಮುದ್ದೆಯೂಟ ಮಾಡಿಸುವ ಬದಲು ರಾಗಿ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಕೊಡಿ.

ಕಣ್ಣು ಹಳದಿಯಾಗಿ ಚಳಿಜ್ವರ ಬಂದರೆ, ಮಲ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದು ಉಸಿರು ನಿಧಾನವಾದರೆ, ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ನುಂಗಲು ಕಷ್ಟವಾದಾಗ ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿ ಕೊಡಬಾರದು. ಆಗ ಚರ್ಮಕ್ಕೆ ಅಂಟಿಸುವ, ಮಾರ್ಫಿನ್‌ನಂತೆಯೇ ನೋವು ಇಳಿಸುವ ಫೆಂಟನಿಲ್ ಔಷಧಿಯ ಪಟ್ಟಿಯನ್ನು ವೈದ್ಯರು ಬರೆದುಕೊಡಬಹುದು. ಪಟ್ಟಿಯಿರುವ ಜಾಗದ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಶಾಖಕ್ಕೆ ಔಷಧಿ ಒಮ್ಮೆಗೇ ಹೆಚ್ಚಾಗಿ ಮೈಗೆ ಇಳಿದುಬಿಡುತ್ತದೆ.